ಒಡೆಯನೇ ಬಂದು ಒಯ್ಯಬೇಕು

ಹೈ ಥ್ವೇಟ್, ಕಂಬ್ರಿಯ
9 ಜುಲೈ 2024

ಪ್ರಿಯ ಐವರ್,

ನಿನಗೆ ಫೋನು ಮಾಡಿ ಪ್ರಯೋಜನವಿಲ್ಲ. ನಿನ್ನ ಕಿವಿ ಹಾಗೆ, ನನ್ನ ಫೋನು ಹೀಗೆ. ಹಳೆಯ ತಾಮ್ರದ ಲೈನನ್ನು ಏಪ್ರಿಲ್‌ನಲ್ಲಿ ಕಿತ್ತುಹಾಕಿ, ಗೋಡೆಗೆ ಹೊಸ ಪೆಟ್ಟಿಗೆಯೊಂದನ್ನು ಹೊಡೆದು ಹೋದರು. ಕರೆಂಟು ಹೋದರೆ ಅದರ ಉಸಿರೂ ಹೋಗುತ್ತದೆ. ನಮ್ಮ ಕಣಿವೆಯ ಕರೆಂಟಿನ ಯೋಗ್ಯತೆ ನಿನಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಈ ಕಾಗದ. ಹತ್ತು ತಿಂಗಳಲ್ಲಿ ನೀನಂತೂ ಒಂದು ಸಾಲು ಬರೆಯಲಿಲ್ಲ, ಇರಲಿ.

ವಿಷಯಕ್ಕೆ ಬರುತ್ತೇನೆ. ಉಣ್ಣೆ ಕತ್ತರಿಸಲು ಭಾನುವಾರ ಗುಡ್ಡದಿಂದ ಕುರಿ ಇಳಿಸಿದೆವು. ಇಳಿಸಿದೆವು ಅಂದರೆ ನಾನು, ನನ್ನ ನಾಯಿ ನೆಲ್, ಮತ್ತು ಪಕ್ಕದ ಕಣಿವೆಯಿಂದ ಸಹಾಯಕ್ಕೆ ಬಂದ ಅಲೆಕ್ ಡಾರ್ಗ್. ಅಣ್ಣ ರೇಮಂಡ್ ಇದ್ದಾಗ, ನೀನಿದ್ದಾಗ, ಒಂಬತ್ತು ಜನ ಸಾಲಾಗಿ ಗುಡ್ಡ ಹತ್ತುತ್ತಿದ್ದೆವು. ಈಗ ಇಬ್ಬರು ಎಷ್ಟು ಕೂಗಿದರೂ ನಡುವೆ ಅರ್ಧ ಮೈಲಿ ಖಾಲಿ. ಕುರಿಗಳಿಗೂ ಅದು ಗೊತ್ತಾಗಿಬಿಟ್ಟಿದೆ.

ಕೆಳಗೆ ಬಂದು ಎಣಿಸುವಾಗ ಮಂದೆಯೊಳಗೆ ಮೂರು ವಿಚಿತ್ರ ಪ್ರಾಣಿಗಳು. ಹೋದ ವರ್ಷದ ಉಣ್ಣೆ ಇನ್ನೂ ಮೈಮೇಲೆ, ನೆಲ ಗುಡಿಸುವ ಹಾಗೆ ಜೋತುಬಿದ್ದಿದೆ. ಮೂರಕ್ಕೂ ಒಂದೊಂದು ಮರಿ. ಉಣ್ಣೆ ಸರಿಸಿ ನೋಡಿದರೆ ಹೆಗಲ ಮೇಲೆ ಮಾಸಿದ ಕೆಂಪು ಪಟ್ಟೆ, ಎಡಗಿವಿಯಲ್ಲಿ ಎರಡು ಕಚ್ಚು. ಅಲೆಕ್ ಬಾಯಿ ಬಿಟ್ಟುಕೊಂಡು ನಿಂತ. "ಇವು ಐವರ್‌ನವಲ್ವಾ? ಅವನವೆಲ್ಲ ಹೋದ ವರ್ಷಾನೇ ಲಾರಿ ಹತ್ತಿದ್ವಲ್ಲ?" ಅಂದ.

ಹತ್ತಿಲ್ಲ, ಐವರ್. ಮೂರು ಉಳಿದುಕೊಂಡಿವೆ. ಇಡೀ ಚಳಿಗಾಲ ಒಂದು ಹಿಡಿ ಒಣಹುಲ್ಲಿಲ್ಲದೆ ಕಳೆದು, ಯಾರ ಸಹಾಯವೂ ಇಲ್ಲದೆ ಮರಿ ಹಾಕಿವೆ. ಅದೂ ಎಲ್ಲಿ? ಹಳ್ಳದ ಮೇಲಿನ ನಿನ್ನ ಜಾಗದಲ್ಲೇ. ತಾಯಂದಿರು ಮರಿಗಳಿಗೆ ತೋರಿಸಿಕೊಟ್ಟ ಜಾಗ. ಬೇಲಿಯಿಲ್ಲ, ಗೋಡೆಯಿಲ್ಲ, ಆದರೂ ನಾವು ಇಳಿಸುವವರೆಗೆ ಅದನ್ನು ಬಿಟ್ಟು ಒಂದು ಹೆಜ್ಜೆ ಆಚೆ ಹೋಗಿಲ್ಲ.

ಉಣ್ಣೆ ಕತ್ತರಿಸಿ, ಕೆಳಗಿನ ಹೊಲದಲ್ಲಿ ಬಿಟ್ಟಿದ್ದೇನೆ. ಮುಂದಿನದು ನಿನಗೆ ಗೊತ್ತಿರುವ ಕ್ರಮ. ದಾರಿ ತಪ್ಪಿ ಬಂದ ಕುರಿಯನ್ನು ಕಂಡವರು ಕಾಯ್ದಿಡಬೇಕು, ಅಕ್ಟೋಬರಿನ ಕುರುಬರ ಕೂಟದಲ್ಲಿ ಒಡೆಯನ ಕೈಗೇ ಒಪ್ಪಿಸಬೇಕು. ಈ ವರ್ಷ ಕೂಟ 19ರಂದು, ಎಂದಿನಂತೆ ಸೇತುವೆ ಪಕ್ಕದ ಪಬ್ಬಿನಲ್ಲಿ. ಒಡೆಯನೇ ಬಂದು ಒಯ್ಯಬೇಕು. ಇದು ನಾನು ಮಾಡಿದ ಕಾನೂನಲ್ಲ.

ನಿನ್ನ ಮಂಡಿನೋವು ಹೇಗಿದೆ? ನಿನ್ನ ತಂಗಿ ಮ್ಯೂರಿಯಲ್‌ಗೆ ನನ್ನ ನೆನಪು ಹೇಳು.

ಹೇಝಲ್ ರೆಲ್ಫ್


ಸ್ಪಾಲ್ಡಿಂಗ್ ಹತ್ತಿರ, ಲಿಂಕನ್‌ಶೈರ್
22 ಜುಲೈ 2024

ಪ್ರಿಯ ಹೇಝಲ್,

ಕಾಗದ ಬಂತು. ಓದಿ ತಲೆ ತಗ್ಗಿಸುವಂತಾಯಿತು.

ನಲವತ್ತೊಂದು ವರ್ಷ ಲೋ ಬ್ರಿಗ್‌ನಲ್ಲಿ ಬೇಸಾಯ ಮಾಡಿದೆ. ಗುಡ್ಡದ ಮೇಲೆ ಒಂದೇ ಒಂದು ಕುರಿ ಬಿಟ್ಟುಬಂದೆ ಎಂದು ಯಾರೂ ಹೇಳುವಂತಿರಲಿಲ್ಲ. ಈಗ ಹೊರಟುಬಂದ ಮೇಲೆ ಮೂರು. ಅದೂ ಅಲೆಕ್ ಡಾರ್ಗ್‌ನ ಕಣ್ಣೆದುರಿಗೆ. ಅವನು ಪಬ್ಬಿನಲ್ಲಿ ಹೇಳಿಕೊಂಡು ನಕ್ಕಿರುತ್ತಾನೆ, ನಗಲಿ. ನೀನು ಬೈಯುವುದಾದರೆ ನೇರವಾಗಿ ಬೈಯಬಹುದಿತ್ತು. ಕ್ರಮ, ಕೂಟ ಎಂದೆಲ್ಲ ನನಗೆ ಪಾಠ ಹೇಳಬೇಕಾಗಿರಲಿಲ್ಲ.

ಗುಡ್ಡ ಖಾಲಿ ಮಾಡಿದ್ದೇನೆ ಎಂದು, ಜಮೀನು ಗೇಣಿಗೆ ಕೊಟ್ಟ ಎಸ್ಟೇಟಿನವರಿಗೆ ಸಹಿ ಹಾಕಿಕೊಟ್ಟವನು ನಾನು. ಈಗ ಕುರಿ ಇದೆ ಎಂದರೆ ಸುಳ್ಳುಗಾರನಾಗುತ್ತೇನೆ. ಸದ್ದಿಲ್ಲದೆ ಸಂತೆಗೆ ಕಳಿಸಿ ಮಾರಿಬಿಡು.

ಇಲ್ಲಿಯ ವಿಷಯ ಕೇಳಿದ್ದೀಯ ಎಂದುಕೊಂಡು ಬರೆಯುತ್ತೇನೆ. ತಂಗಿಯ ಮನೆಯ ಹಿಂದೆ ಬೀಟ್ ಗಡ್ಡೆಯ ಹೊಲ. ಎಷ್ಟು ದೂರ ಎಂದರೆ ಕೊನೆ ಕಾಣುವುದಿಲ್ಲ, ಕಣ್ಣಿಗೆ ಆತುಕೊಳ್ಳಲು ಒಂದು ದಿಬ್ಬವೂ ಇಲ್ಲ. ಕಳೆ ಕೀಳಲು ಜನರಿಲ್ಲ. ಒಂದು ಯಂತ್ರ ತಾನಾಗಿಯೇ ಬರುತ್ತದೆ, ಮಂಚದಷ್ಟು ದೊಡ್ಡದು, ಬೆನ್ನ ಮೇಲೆ ಸೌರಫಲಕ. ಒಂದೊಂದು ಗಿಡವನ್ನೂ ನೋಡಿ, ಇದು ಬೆಳೆ ಇದು ಕಳೆ ಎಂದು ತೀರ್ಮಾನಿಸಿ, ಕಳೆಯನ್ನು ಮಾತ್ರ ಕೀಳುತ್ತದೆ. ನಡಿಗೆಯ ವೇಗ ನನ್ನದೇ. ಬೆಳಿಗ್ಗೆ ನಾನು ಹೊಲದ ಅಂಚಿನಲ್ಲಿ ಅದರ ಪಕ್ಕಕ್ಕೇ ನಡೆಯುತ್ತೇನೆ. ಕೆಲಸ ಅಚ್ಚುಕಟ್ಟು. ಒಂದು ದಿನ "ಚೆನ್ನಾಗಿ ಮಾಡ್ತಿದ್ದೀಯ" ಎಂದು ಹೇಳಿಯೂಬಿಟ್ಟೆ. ಮ್ಯೂರಿಯಲ್ ಕಿಟಕಿಯಿಂದ ನೋಡುತ್ತಿದ್ದಳು. ಆಮೇಲೆ ಎರಡು ದಿನ ಅವಳು ನನ್ನೊಡನೆ ಬಹಳ ಮೃದುವಾಗಿ ಮಾತಾಡಿದಳು.

ಮಂಡಿ ಪರವಾಗಿಲ್ಲ.

ಐವರ್ ಫಿಯರನ್


ಹೈ ಥ್ವೇಟ್
5 ಆಗಸ್ಟ್ 2024

ಪ್ರಿಯ ಐವರ್,

ಮಾರುವುದಿಲ್ಲ. ಇನ್ನೊಬ್ಬರ ಕಿವಿಗುರುತಿರುವ ಕುರಿಯನ್ನು ಸಂತೆಗೆ ಹೊಡೆದುಕೊಂಡು ಹೋದರೆ ನನ್ನನ್ನು ಏನೆಂದು ಕರೆಯುತ್ತಾರೆ, ನೀನೇ ಹೇಳು. ಅಲ್ಲದೆ ಒಂದಕ್ಕೆ ಗೊರಸು ಕೊಳೆತು ಕುಂಟುತ್ತಿದೆ. ಎರಡಕ್ಕೆ ಅಂತಲೇ ಇಟ್ಟುಕೋ. ಅಕ್ಟೋಬರಿನವರೆಗೆ ಅವು ಎಲ್ಲಿಗೂ ಹೋಗುವ ಸ್ಥಿತಿಯಲ್ಲಿಲ್ಲ.

ಮತ್ತೆ ನಿನ್ನನ್ನು ಬೈದವರು ಯಾರು ಮಾರಾಯ? ಮೂರು ಕುರಿ ಸಿಕ್ಕವು ಎಂದು ಬರೆದರೆ ಅದರಲ್ಲೂ ಬೈಗುಳ ಹುಡುಕುತ್ತೀಯಲ್ಲ. ಅಲೆಕ್ ನಗಲಿಲ್ಲ. "ಅಂಥ ಕುರಿ ಇನ್ನು ಎಲ್ಲಿ ಸಿಗುತ್ವೆ" ಎಂದು ಮೂರು ಸಲ ಹೇಳಿದ.

ನಿನ್ನ ಕಳೆ ಕೀಳುವ ಯಂತ್ರಕ್ಕೆ ಜೋಡಿಯಾಗಿ ನನ್ನಲ್ಲೂ ಒಂದು ಹೊಸತನ ಬಂದಿದೆ. ನನ್ನ ಕುರಿಗಳಿಗೆ ಕೊರಳಪಟ್ಟಿ ಕಟ್ಟಿದ್ದೇವೆ. ಇಮೋಜೆನ್ ಅಂತ ಒಬ್ಬಳು ಹುಡುಗಿ, ಯಾವುದೋ ಯೋಜನೆಯವಳು, ವ್ಯಾನಿನಲ್ಲಿ ತುಂಬಿಕೊಂಡು ತಂದಳು. ಬೇಲಿ ಬೇಡವಂತೆ. ಫೋನಿನ ನಕ್ಷೆಯ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಸಾಕು, ಅದೇ ಬೇಲಿ. ಕುರಿ ಗೆರೆಯ ಹತ್ತಿರ ಬಂದರೆ ಪಟ್ಟಿ ಮೊದಲು ಒಂದು ರಾಗ ಹಾಡುತ್ತದೆ. ಕೇಳದೆ ಮುಂದೆ ಹೋದರೆ ಸಣ್ಣ ಕರೆಂಟು ಚುರುಕ್ಕೆನ್ನುತ್ತದೆ. ಎಲ್ಲವೂ ಮೂರೇ ದಿನದಲ್ಲಿ ಕಲಿತವು, ನನ್ನ ಮೋಟುಗಿವಿ ಮುದುಕಿಯೊಂದನ್ನು ಬಿಟ್ಟು. ಅವಳು ಗೆರೆಯ ಹತ್ತಿರ ಹೋಗಿ, ತಲೆ ವಾಲಿಸಿ, ರಾಗ ಪೂರ್ತಿ ಕೇಳಿ, ಒಮ್ಮೆ ನಡುಗಿ, ದಾಟಿಯೇಬಿಡುತ್ತಾಳೆ. ಇಮೋಜೆನ್ ಬಹಳ ಗಂಭೀರವಾಗಿ, "ಇವಳಿಗೆ ಸಂಗೀತ ಇಷ್ಟ ಅನ್ಸುತ್ತೆ" ಅಂದಳು. ರೇಮಂಡ್ ಹೋದ ಮೇಲೆ ನಾನು ಅಷ್ಟು ನಕ್ಕಿರಲಿಲ್ಲ.

ತೊಂದರೆ ಏನೆಂದರೆ, ಮನೆಯಲ್ಲಿ ಸಿಗ್ನಲ್ ಇಲ್ಲ. ನನ್ನ ಕುರಿ ಎಲ್ಲಿದೆ ಎಂದು ನೋಡಲು ಚರ್ಚಿನ ಹಿತ್ತಿಲ ಗೋಡೆ ಹತ್ತಿ ನಿಲ್ಲಬೇಕು. ಅರವತ್ತಾರು ವರ್ಷದ ಹೆಂಗಸು, ಗೋಡೆಯ ಮೇಲೆ, ಕೈಯಲ್ಲಿ ಫೋನು ಎತ್ತಿ ಹಿಡಿದುಕೊಂಡು. ಪರದೆಯ ಮೇಲೆ ಎಲ್ಲ ಚುಕ್ಕೆಗಳು. ಯಾವ ಚುಕ್ಕೆ ಕೆಮ್ಮುತ್ತಿದೆ, ಯಾವುದು ಕುಂಟುತ್ತಿದೆ ಎಂದು ಹೇಗೆ ತಿಳಿಯಬೇಕು?

ಪಟ್ಟಿ ಯಾಕೆ ಎಂದು ಕೇಳಬೇಡ. ಅವರದೊಂದು ಅಧ್ಯಯನವಂತೆ. ನಾನು ಹೂಂ ಅಂದೆ, ಅಷ್ಟೆ.

ಹೇಝಲ್


ಸ್ಪಾಲ್ಡಿಂಗ್ ಹತ್ತಿರ
16 ಆಗಸ್ಟ್ 2024

ಪ್ರಿಯ ಹೇಝಲ್,

ಕೇಳಬೇಡ ಎಂದದ್ದಕ್ಕೇ ಕೇಳುತ್ತಿದ್ದೇನೆ.

ಇಡೀ ಮಂದೆಗೆ ಪಟ್ಟಿ ಕಟ್ಟಿಸಿಕೊಳ್ಳುವವಳಲ್ಲ ನೀನು. ಔಷಧಿ ಮಾರುವವನನ್ನು ಕೂಡ ಅಂಗಳದ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದವಳು. ಮೊನ್ನೆ ಮ್ಯೂರಿಯಲ್ ತರಿಸುವ ಕೃಷಿ ಪತ್ರಿಕೆಯಲ್ಲಿ ಓದಿದೆ. ಗುಡ್ಡದಲ್ಲಿ ಒಬ್ಬರು ಮಂದೆ ಇಳಿಸಿದರೆ ಪಕ್ಕದವರ ಕುರಿ ಆ ಖಾಲಿ ಜಾಗಕ್ಕೆ ಹರಡಿಕೊಳ್ಳುತ್ತವಂತೆ. ಓದಿ ತಿಳಿಯಬೇಕಾದದ್ದಲ್ಲ. ಯೋಚಿಸಿದ್ದರೆ ನನಗೇ ಹೊಳೆಯಬೇಕಿತ್ತು.

ನಿನ್ನ ಕುರಿ ನನ್ನ ಕಡೆಗೆ ಹೋಗುತ್ತಿವೆಯೇ? ಹೌದು ಅಥವಾ ಇಲ್ಲ ಎಂದು ಬರೆ. ಗೊರಸಿನ ಕಥೆ ಬೇಡ. ನನ್ನ ಕುರಿಗಳ ಗೊರಸು ಯಾವತ್ತೂ ಕೊಳೆತಿಲ್ಲ.

ಐವರ್


ಹೈ ಥ್ವೇಟ್
30 ಆಗಸ್ಟ್ 2024

ಪ್ರಿಯ ಐವರ್,

ಹೌದು.

ಮಾರ್ಚ್‌ನಿಂದಲೂ ಹೋಗುತ್ತಿವೆ. ಮೊದಲು ಹತ್ತು, ಆಮೇಲೆ ಅರ್ಧ ಮಂದೆ. ಇನ್ನೂರು ವರ್ಷ ಹಳ್ಳದ ಗೆರೆ ದಾಟದಿದ್ದ ಕುರಿಗಳು. ದಾಟಿದರೆ ಅಲ್ಲಿ ನಿನ್ನವು ಇರುತ್ತಿದ್ದವು, ತಲೆ ತಗ್ಗಿಸಿ ಗುರಾಯಿಸುತ್ತಿದ್ದವು, ನನ್ನವು ತಿರುಗಿ ಬರುತ್ತಿದ್ದವು. ನಿನ್ನ ಮಂದೆಯೇ ನನ್ನ ಬೇಲಿಯಾಗಿತ್ತು. ಅದು ನನಗೂ ಆಗ ತಿಳಿದಿರಲಿಲ್ಲ, ಹಾಗಾಗಿ ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಮೇ ತಿಂಗಳಲ್ಲಿ ಆಚೆ ಬದಿಯ ದೊಡ್ಡ ರಸ್ತೆಗೆ ಇಳಿದು ಎರಡು ಸತ್ತವು. ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಹಿಂದಕ್ಕೆ ಹೊಡೆದುಕೊಂಡು ಬರುತ್ತೇನೆ, ಮಧ್ಯಾಹ್ನಕ್ಕೆ ಮತ್ತೆ ಅಲ್ಲೇ. ನಿನ್ನ ಮೂರು ಇನ್ನೂ ಮೇಲೆ, ಬಂಡೆಗಳ ನಡುವೆ ಇದ್ದವೇನೋ, ಜುಲೈವರೆಗೆ ನನ್ನ ಕಣ್ಣಿಗೆ ಬೀಳಲಿಲ್ಲ. ಪಟ್ಟಿಗಳಿಂದ ಸ್ವಲ್ಪ ಉಸಿರಾಡುವ ಹಾಗಾಗಿದೆ. ಆದರೆ ಅವು ಒಂದು ವರ್ಷದ ಮಟ್ಟಿಗೆ ಪರೀಕ್ಷೆಗೆ ಕೊಟ್ಟದ್ದು. ಕಣಿವೆಯ ಆ ತುದಿಯಲ್ಲಿ ಸಿಗ್ನಲ್ ಸಿಗದ ಕಡೆ ಅವೂ ಕೆಲಸಕ್ಕೆ ಬಾರವು.

ಇನ್ನೊಂದು ಮಾತು ಮುಚ್ಚಿಟ್ಟಿದ್ದೆ. ಎಸ್ಟೇಟಿನ ಏಜೆಂಟ್ ಜೂನ್‌ನಲ್ಲಿ ಬಂದಿದ್ದ. ನಿನ್ನ ಭಾಗದಂತೆ ನನ್ನ ಭಾಗವೂ ಯೋಜನೆಗೆ ಸೇರಬೇಕಂತೆ. ಕುರಿ ಪೂರ್ತಿ ಇಳಿಯಬೇಕು. ಮೇಲೆ ಗಿಡ ನೆಡುತ್ತಾರೆ, ಜೌಗು ನೆಲ ಮತ್ತೆ ನೀರು ಹಿಡಿಯುವ ಹಾಗೆ ಹಳೆಯ ಕಾಲುವೆಗಳನ್ನು ಮುಚ್ಚುತ್ತಾರೆ. ಮನೆ, ಕೆಳಗಿನ ಹೊಲ ನನಗೇ ಇರುತ್ತದೆ. ಕೆಟ್ಟ ಜನ ಅಂತ ಹೇಳಲಾರೆ. ಕೆಳಗಿನ ಊರಿನ ಬೀದಿಯಲ್ಲಿ ಎರಡು ಸಲ ದೋಣಿ ಓಡಿದ್ದನ್ನು ನಾನೂ ಕಣ್ಣಾರೆ ನೋಡಿದವಳು. ಗುಡ್ಡ ಇನ್ನಷ್ಟು ನೀರು ಕುಡಿದರೆ ಯಾರಿಗೆ ಬೇಡ? ಆದರೆ ಒಂದು ಸಲ ಇಳಿದ ಮಂದೆಯನ್ನು ಮತ್ತೆ ಹತ್ತಿಸುವುದು ಆಗದ ಮಾತು. ಎಲ್ಲಿ ನಿಲ್ಲಬೇಕು ಎಂದು ಹೊಸ ಕುರಿಗೆ ಹೇಳಿಕೊಡುವ ತಾಯಿ ಅಲ್ಲಿರುವುದಿಲ್ಲ.

ಮೈಕೆಲ್ಮಸ್ ಹಬ್ಬದೊಳಗೆ, ಅಂದರೆ ಸೆಪ್ಟೆಂಬರ್ 29ರೊಳಗೆ ಸಹಿ ಹಾಕಬೇಕು. ಕಾಗದ ಅಡುಗೆಮನೆಯ ಮೇಜಿನ ಮೇಲಿದೆ. ಅದನ್ನು ಪಕ್ಕಕ್ಕೆ ಸರಿಸಿ ಊಟ ಮಾಡುತ್ತೇನೆ.

ಈ ಕಣಿವೆಯಲ್ಲಿ ಇದನ್ನು ಕೇಳಲು ನನಗೆ ಯಾರೂ ಇಲ್ಲ. ನಿನ್ನ ಮನೆಯನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ವಾರಕ್ಕೊಂದು ಹೊಸ ಕಾರು, ವಾರಕ್ಕೊಂದು ಹೊಸ ನಾಯಿ. ಯಾರೂ ಹೆಸರು ಹೇಳುವಷ್ಟು ದಿನ ಇರುವುದಿಲ್ಲ. ನೀನಾದರೆ ಏನು ಮಾಡುತ್ತಿದ್ದೆ, ಐವರ್? ನೇರವಾಗಿ ಹೇಳು.

ಹೇಝಲ್


ಸ್ಪಾಲ್ಡಿಂಗ್ ಹತ್ತಿರ
7 ಸೆಪ್ಟೆಂಬರ್ 2024

ಪ್ರಿಯ ಹೇಝಲ್,

ನೇರವಾಗಿ ಕೇಳಿದ್ದೀಯ, ನೇರವಾಗಿ ಹೇಳುತ್ತೇನೆ. ಸಹಿ ಹಾಕು. ದಿನಾ ಗುಡ್ಡ ಹತ್ತುವ ವಯಸ್ಸಲ್ಲ ನಿನ್ನದು. ಮಂಜಿನಲ್ಲಿ ಎಲ್ಲಾದರೂ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಿನಗೆ ಸಾಕಾಗಿದೆ ಎಂದು ನನಗೆ ಗೊತ್ತು. ಮನೆ ನಿನಗೇ ಉಳಿಯುವುದಾದರೆ ಯೋಚಿಸಬೇಕಾದದ್ದು ಇನ್ನೇನಿದೆ?

ಇಲ್ಲಿ ಮಳೆಯಿಲ್ಲ.

ಐವರ್ ಫಿಯರನ್


ಸ್ಪಾಲ್ಡಿಂಗ್ ಹತ್ತಿರ
23 ಸೆಪ್ಟೆಂಬರ್ 2024

ಪ್ರಿಯ ಹೇಝಲ್,

ಹದಿನಾರು ದಿನವಾಯಿತು. ನಿನ್ನಿಂದ ಕಾಗದವಿಲ್ಲ. ಅಂಚೆಯವನು ಬಾಗಿಲ ತೂತಿನಲ್ಲಿ ಹಾಕುವ ಸದ್ದು ನನಗೆ ಕೇಳಿಸುವುದಿಲ್ಲವಾದ್ದರಿಂದ, ಹತ್ತು ಗಂಟೆಯಿಂದ ಹನ್ನೊಂದರವರೆಗೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಹೋದ ಕಾಗದದಲ್ಲಿ ನಾನು ನಿಜ ಹೇಳಲಿಲ್ಲ. ಇದನ್ನು ಐದನೆಯ ಸಲ ಬರೆಯುತ್ತಿದ್ದೇನೆ. ಇದನ್ನೂ ಹರಿದುಹಾಕುವ ಮೊದಲೇ ಅಂಚೆಗೆ ಹಾಕಿಬಿಡುತ್ತೇನೆ.

ನನ್ನ ಮಂಡಿಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ.

ಹೋದ ವರ್ಷ ಜುಲೈನಲ್ಲಿ ನಿನ್ನ ಅಂಗಳದಲ್ಲಿ ಉಣ್ಣೆ ಕತ್ತರಿಸಿದೆವಲ್ಲ, ಸಂಜೆ ಎಲ್ಲರೂ ಹೋದ ಮೇಲೆ ನೀನು ಉಣ್ಣೆಯ ಮೂಟೆಯ ಮೇಲೆ ಕೂತೆ. ನಾನು ಕತ್ತರಿ ಒರೆಸುತ್ತಿದ್ದೆ. ನೀನು ಅಂದೆ: "ಯಾರಾದ್ರೂ ಬಂದು ಈ ಕುರಿಗಳನ್ನೆಲ್ಲ ಹೊಡ್ಕೊಂಡು ಹೋದ್ರೆ ನಾನು ಕುಣಿದುಬಿಡ್ತೀನಿ, ಐವರ್. ನಂಗೆ ಸಾಕಾಗಿದೆ."

ನಾನು ಅದನ್ನು ಮನೆಗೆ ಹೊತ್ತುಕೊಂಡು ಹೋದೆ. ನೀನು ಸುಮ್ಮನೆ ಬಾಯಿಗೆ ಬಂದದ್ದು ಆಡುವವಳಲ್ಲ. ರೇಮಂಡ್ ಇಲ್ಲ, ನಿನಗೆ ಒಬ್ಬಳಿಗೇ ಆಗುತ್ತಿಲ್ಲ, ಆದರೆ ನಾನು ಪಕ್ಕದಲ್ಲಿ ಮಂದೆ ಇಟ್ಟುಕೊಂಡಿರುವವರೆಗೆ ನೀನೂ ಬಿಡುವುದಿಲ್ಲ, ಹಠಕ್ಕಾದರೂ ಬಿಡುವುದಿಲ್ಲ ಎಂದುಕೊಂಡೆ. ಏಜೆಂಟನೂ ಹೇಳಿದ, ಲೋ ಬ್ರಿಗ್ ಮೊದಲು ಬಂದರೆ ಹೈ ಥ್ವೇಟ್‌ಗೆ ದಾರಿ ಸುಲಭವಾಗುತ್ತದೆ ಎಂದು. ಮುಂದಿನ ವಾರವೇ ಸಹಿ ಹಾಕಿದೆ. ಊರಿಗೆಲ್ಲ ಮಂಡಿನೋವು ಎಂದೆ. ನಿನಗೂ ಅದನ್ನೇ ಹೇಳಿದೆ. ನಿನಗೆ ಬಿಡುಗಡೆಯಾಗಲಿ ಎಂದು ಮಾಡಿದ್ದು, ಹೇಝಲ್. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲು ಬರಲಿಲ್ಲ. ನನಗೆ ಯಾವುದನ್ನೂ ಕೇಳಲು ಬರುವುದಿಲ್ಲ. ನನ್ನಾಕೆ ಡೋರೀನ್ ಬದುಕಿದ್ದಾಗ ಅವಳೇ ನನ್ನ ಪರವಾಗಿ ಕೇಳುತ್ತಿದ್ದಳು.

ಈಗ ನಿನ್ನ ಕಾಗದ ಮತ್ತೆ ಮತ್ತೆ ಓದಿದ ಮೇಲೆ, ನೀನು ಬಿಡಲು ಇಷ್ಟಪಡುವವಳ ಹಾಗೆ ಕಾಣುವುದಿಲ್ಲ. ನಾನು ಮಾಡಿದ್ದು ತಪ್ಪು ಲೆಕ್ಕಾಚಾರವಾಗಿದ್ದರೆ, ಸಹಿ ಹಾಕಬೇಡ. ಆ ಮೂರು ಕುರಿ ಮತ್ತು ಅವುಗಳ ಮರಿಗಳು ನನ್ನ ಜಾಗ ಬಲ್ಲವು. ಅವುಗಳನ್ನು ಮೇಲಕ್ಕೆ ಬಿಡು. ನಾನು ಬಂದು ಎಸ್ಟೇಟಿನವರೊಡನೆ ಮಾತಾಡುತ್ತೇನೆ. ಊರಿನಲ್ಲಿ ಒಂದು ಕೋಣೆ ಹಿಡಿದುಕೊಂಡಾದರೂ ಇದ್ದು, ದಿನಾ ಆ ಕಡೆಯಿಂದ ಗುಡ್ಡ ಹತ್ತುತ್ತೇನೆ. ನನ್ನಿಂದ ಆಗುತ್ತದೆ. ಇಲ್ಲಿ ದಿನಕ್ಕೆ ಆರು ಮೈಲಿ ಸುಮ್ಮಸುಮ್ಮನೆ ನಡೆಯುತ್ತಿದ್ದೇನೆ.

ನಿನ್ನ ಐವರ್


ಹೈ ಥ್ವೇಟ್
6 ಅಕ್ಟೋಬರ್ 2024

ಐವರ್,

ನಿನ್ನ ಕಾಗದ 27ರಂದು ಬಂತು. ಅಂಚೆಯವನು ಈಗ ನಮ್ಮ ಕಡೆ ವಾರಕ್ಕೆ ಎರಡೇ ದಿನ ಬರುವುದು. ನಾನು 24ಕ್ಕೆ ಸಹಿ ಹಾಕಿದೆ.

ನೀನು ಹಾಕು ಅಂದೆ, ನಾನು ಹಾಕಿದೆ. ನಿನ್ನ ಆ ಐದು ಸಾಲಿನ ಕಾಗದವನ್ನು ಎರಡು ವಾರ ಏಜೆಂಟನ ಕಾಗದದ ಪಕ್ಕದಲ್ಲೇ ಇಟ್ಟುಕೊಂಡು ಊಟ ಮಾಡಿದೆ. ಇಲ್ಲಿ ಮಳೆಯಿಲ್ಲ ಅಂತೆ. ಇವನಿಗೆ ನಾನು, ಗುಡ್ಡ, ಎಲ್ಲ ಮುಗಿದ ಕಥೆ, ಹವಾಮಾನ ಬರೆಯುತ್ತಾನೆ ಎಂದುಕೊಂಡೆ. ಏಜೆಂಟ್ ಮಂಗಳವಾರ ಬಂದ. ಚಹಾ ಮಾಡಿಕೊಟ್ಟೆ, ಅವನ ಪೆನ್ನೇ ತೆಗೆದುಕೊಂಡೆ.

ನಿನ್ನನ್ನು ಏನೆಂದು ಬೈಯಲಿ? ಆ ದಿನ ನಾನು ಬೆಳಗಿನ ಐದರಿಂದ ಉಣ್ಣೆ ಸುತ್ತುತ್ತಿದ್ದೆ, ಬೆನ್ನು ಬಿದ್ದುಹೋಗಿತ್ತು. ಸಾಕಾಗಿದೆ ಎನ್ನುವವಳಿಗೆ ಒಂದು ಲೋಟ ಚಹಾ ಮಾಡಿಕೊಡಬೇಕು ಕಣೋ, ಮಂದೆ ಮಾರಬಾರದು. ನಿನ್ನ ಬಾಯಿಂದ ಒಂದು ಮಾತು ಬರಲಿ ಎಂದು ನಾನು ಅದನ್ನು ಹೇಳಿದೆ. ಎಂಥ ಮಾತಾದರೂ ಸರಿ. ನೀನು ಕತ್ತರಿ ಒರೆಸಿ ಚೀಲಕ್ಕೆ ಹಾಕಿಕೊಂಡು, "ಸರಿ, ಬರ್ತೀನಿ" ಅಂದೆ.

ಆಮೇಲೆ ನೀನು ಸಹಿ ಹಾಕಿದ್ದು ಅಂಗಡಿಯಲ್ಲಿ ಯಾರಿಂದಲೋ ಕೇಳಿದೆ. ನನಗೆ ಹೇಳದೆ ಹೊರಟಿದ್ದಾನೆ, ಹೊರಡಲು ಕಾಯುತ್ತಿದ್ದ ಎಂದುಕೊಂಡೆ. ನೀನು ಹೋದ ದಿನ ಬೀಳ್ಕೊಡಲು ಬರಲಿಲ್ಲ, ನೆನಪಿದೆಯೇ? ಟಗರುಗಳಿಗೆ ಔಷಧಿ ಕುಡಿಸಬೇಕು ಎಂದು ಹೇಳಿಕಳಿಸಿದೆ. ಟಗರುಗಳಿಗೆ ಹಿಂದಿನ ವಾರವೇ ಕುಡಿಸಿಯಾಗಿತ್ತು. ಕೊಟ್ಟಿಗೆಯಲ್ಲಿ ಕೂತು ಅತ್ತೆ. ಇದನ್ನು ಬರೆಯಲು ನನಗೀಗ ನಾಚಿಕೆಯೇನೂ ಆಗುತ್ತಿಲ್ಲ.

ಸಹಿಯನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಕೇಳಿದೆ. ಲಾರಿಗಳು 19ರ ಶನಿವಾರ ಬರುತ್ತವೆ, ಕೂಟದ ದಿನವೇ. ಈ ಕಣಿವೆಯ ಕೊನೆಯ ಮಂದೆ ಕೂಟದ ದಿನವೇ ಹೋಗುತ್ತದೆ. ನನ್ನ ಸಹಿ ನನ್ನ ಕುರಿಗಳಿಗೆ ಮಾತ್ರ. ನಿನ್ನ ಮೂರು ಆ ಕಾಗದದಲ್ಲಿಲ್ಲ. ಒಡೆಯನೇ ಬಂದು ಒಯ್ಯಬೇಕು.

ಬಾ, ಐವರ್. ಆ ದಿನ ಅಂಗಳದಲ್ಲಿ ಒಬ್ಬಳೇ ನಿಲ್ಲಲು ನನ್ನಿಂದಾಗುವುದಿಲ್ಲ.

ಹೇಝಲ್


ಸ್ಪಾಲ್ಡಿಂಗ್ ಹತ್ತಿರ
26 ಅಕ್ಟೋಬರ್ 2024

ಪ್ರಿಯ ಹೇಝಲ್,

ಬರಲಾಗಲಿಲ್ಲ. ಕ್ಷಮಿಸು. ಮ್ಯೂರಿಯಲ್ ಸೊಂಟ ಹಿಡಿದುಕೊಂಡು ಕೂಟದ ಹಿಂದಿನ ದಿನವೇ ಮಲಗಿಬಿಟ್ಟಳು, ಅವಳನ್ನು ಬಿಟ್ಟು ಹೊರಡುವ ಹಾಗಿರಲಿಲ್ಲ. ಈಗ ಓಡಾಡುತ್ತಿದ್ದಾಳೆ.

ನೀನು ಎಲ್ಲವನ್ನೂ ಸರಿಯಾಗಿಯೇ ನಿಭಾಯಿಸಿರುತ್ತೀಯ. ಮೂರನೆಯ ಲಾರಿ ಕೆಸರಿನಲ್ಲಿ ಸಿಕ್ಕಿಕೊಂಡಾಗ ಬಹಳ ಕಷ್ಟವಾಗಿರಬೇಕು. ಕುರಿಗಳು ಗಲಾಟೆ ಮಾಡದೆ ಹತ್ತಿದ್ದು ನಿನ್ನ ಕೈಗುಣ.

ಆ ಮೂರನ್ನು ನಿನಗೆ ಸರಿಕಂಡಂತೆ ಮಾಡು.

ಐವರ್


ಹೈ ಥ್ವೇಟ್
4 ನವೆಂಬರ್ 2024

ಪ್ರಿಯ ಐವರ್,

ಮೂರನೆಯ ಲಾರಿ ಸಿಕ್ಕಿಕೊಂಡದ್ದನ್ನು ನಾನು ನಿನಗೆ ಬರೆದಿರಲಿಲ್ಲ. ಮ್ಯೂರಿಯಲ್‌ಳ ಸೊಂಟವನ್ನು ಸುಮ್ಮನೆ ಬಿಡು, ಪಾಪ.

ನಾನು ನಿನ್ನನ್ನು ನೋಡಿದೆ. ಹನ್ನೊಂದು ಗಂಟೆಗೆ ಬಸ್ಸಿನಿಂದ ಇಳಿದು ಸೇತುವೆಯ ಮೇಲೆ ನಿಂತೆ. ಪಬ್ಬಿನೊಳಗೆ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ಸೇತುವೆಯಿಂದ ನನ್ನ ಗೇಟಿಗೆ ಇನ್ನೂರು ಹೆಜ್ಜೆ. ಒಂದೂವರೆ ಗಂಟೆ ನಿಂತಿದ್ದೆ. ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ನಿನ್ನಿಂದಾಗಿ ಹೋಗುತ್ತಿರುವ ಮಂದೆಯ ಮುಂದೆ ಬಂದು ನನ್ನೊಡನೆ ಏನು ಹೇಳಬೇಕೆಂದು ನಿನಗೆ ತಿಳಿಯಲಿಲ್ಲ, ಅಷ್ಟೇ ತಾನೆ?

ಆದರೆ ಕೇಳು, ನಾನೂ ಕರೆಯಲಿಲ್ಲ. ಒಂದು ಕೈ ಎತ್ತಿದ್ದರೆ ಸಾಕಿತ್ತು, ನೀನು ಬರುತ್ತಿದ್ದೆ. ನಿನಗೆ ಕಿವಿ ಕೇಳದಿರಬಹುದು, ಕಣ್ಣು ಚೆನ್ನಾಗಿದೆ. ನಾನು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ನಿಂತೆ. ಈ ಸಲ ಅವನೇ ಬರಲಿ, ಬಾಯಿಬಿಟ್ಟು ಕರೆದು ಕಾಗದ ಬರೆದಿದ್ದೇನೆ, ಇನ್ನೂ ಎಷ್ಟು ಕರೆಯಬೇಕು ಎಂದುಕೊಂಡೆ. ಕೊನೆಯ ಲಾರಿಯ ಬಾಗಿಲು ಹಾಕಿ ತಿರುಗಿ ನೋಡುವಾಗ ಸೇತುವೆ ಖಾಲಿಯಾಗಿತ್ತು. ನಿನ್ನನ್ನು ನಾನು ಎರಡು ಸಲ ಹೋಗಲು ಬಿಟ್ಟೆ. ಎರಡು ಸಲವೂ ಹಠ ಮಾಡಿ.

ನಿನ್ನ ಮೂರು ಕುರಿಗಳನ್ನು, ಮರಿಗಳ ಸಮೇತ, ಅಲೆಕ್‌ಗೆ ಒಪ್ಪಿಸಿದೆ. ಒಡೆಯ ಬರೆದುಕೊಟ್ಟಿದ್ದಾನೆ ಎಂದು ಸುಳ್ಳು ಹೇಳಿದೆ, ನೀನು ಬರೆಯುವುದಕ್ಕೆ ಒಂದು ವಾರ ಮೊದಲೇ. ಕ್ರಮ ಗಿಮ ಎಲ್ಲ ಹಾಳಾಗಿ ಹೋಗಲಿ. ಜುಲೈಯಿಂದ ನಾನು ಕಾಯುತ್ತಿದ್ದದ್ದು ಕುರಿಯ ಒಡೆಯನನ್ನಲ್ಲ, ನಿನ್ನನ್ನು. ಕುರಿ ನೆಪ.

ಇಲ್ಲಿ ಈಗ ಹೇಗಿದೆ ಎಂದರೆ, ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಬೂಟು ಹಾಕಿಕೊಂಡು ಅಂಗಳಕ್ಕೆ ಬಂದು ನಿಲ್ಲುತ್ತೇನೆ. ಮಾಡುವುದಕ್ಕೆ ಏನೂ ಇಲ್ಲ. ನೆಲ್ ಗೇಟಿನ ಹತ್ತಿರ ಹೋಗಿ ಗುಡ್ಡ ನೋಡುತ್ತದೆ, ನನ್ನನ್ನು ನೋಡುತ್ತದೆ. ಮತ್ತೆ ಒಳಗೆ ಬರುತ್ತೇವೆ. ಇಮೋಜೆನ್ ಕೊರಳಪಟ್ಟಿಗಳನ್ನು ವಾಪಸು ಒಯ್ಯಲು ಬಂದಾಗ ಅವಳನ್ನು ಊಟಕ್ಕೆ ನಿಲ್ಲಿಸಿಕೊಂಡೆ, ಇನ್ನೊಂದು ತುಂಡು ಕಡುಬು ತಿನ್ನು, ಇನ್ನೊಂದು ತುಂಡು ತಿನ್ನು ಎಂದು ಅವಳಿಗೆ ಬೇಸರವಾಗುವಷ್ಟು. ಹೋಗುವಾಗ ಅವಳು, "ನೀವಿನ್ನು ಎಲ್ಲಿಗೆ ಬೇಕಾದ್ರೂ ಹೋಗ್ಬಹುದಲ್ವಾ?" ಅಂದಳು. ಪಾಪದ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳು ಹೋದ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸಿದೆ. ನಲವತ್ತು ವರ್ಷದಲ್ಲಿ ನಾನು ಒಂದು ರಾತ್ರಿಯೂ ಈ ಮನೆಯಿಂದ ಹೊರಗೆ ಮಲಗಿದವಳಲ್ಲ. ಕುರಿಗಳಿದ್ದವು, ಬಿಡಲು ಆಗುತ್ತಿರಲಿಲ್ಲ. ಈಗ ಯಾರೂ ನನ್ನನ್ನು ಹಿಡಿದಿಟ್ಟಿಲ್ಲ.

13ನೆಯ ತಾರೀಖು ಬುಧವಾರ ಬರುತ್ತಿದ್ದೇನೆ. ನೆಲ್ ಅಲೆಕ್‌ನ ಮನೆಯಲ್ಲಿರುತ್ತದೆ. ಪೆನ್ರಿತ್‌ನಲ್ಲಿ ಹತ್ತಿ ಮೂರು ಕಡೆ ರೈಲು ಬದಲಾಯಿಸಬೇಕಂತೆ. ಸ್ಪಾಲ್ಡಿಂಗ್‌ಗೆ ಮಧ್ಯಾಹ್ನ ಮೂರೂ ನಲವತ್ತಕ್ಕೆ ಬರುತ್ತೇನೆ. ಇದಕ್ಕೆ ಉತ್ತರ ಬರೆಯಬೇಡ. ನೀನು ಬರೆದರೆ ಏನಾದರೂ ಒಂದನ್ನು ಮುಚ್ಚಿಡುತ್ತೀಯ, ಓದಿದರೆ ನಾನು ಏನಾದರೂ ಒಂದನ್ನು ತಪ್ಪು ತಿಳಿಯುತ್ತೇನೆ. ನಿಲ್ದಾಣದಲ್ಲಿ ನಿಂತಿರು, ಅಷ್ಟು ಸಾಕು. ಮಾತು ಬರದಿದ್ದರೆ ಪರವಾಗಿಲ್ಲ, ನಿನ್ನ ಪಕ್ಕದಲ್ಲಿ ನಡೆಯುತ್ತೇನೆ. ಇಳಿದ ಕೂಡಲೇ ಮೊದಲು ಕೈ ಎತ್ತುವವಳು ನಾನೇ.

ನೀನು ಅಲ್ಲಿ ಇಲ್ಲದಿದ್ದರೆ, ನಾಲ್ಕೂ ಹತ್ತಕ್ಕೆ ವಾಪಸು ಒಂದು ರೈಲಿದೆ. ಕೇಳಿಟ್ಟುಕೊಂಡಿದ್ದೇನೆ.

ಹೇಝಲ್